ಲಡಾಖಿಗೆಂದು ಹೊರಟವರು ಕಂಪ್ಲಿ ಸೇರಿದ್ದು

ಹೊಸಪೇಟೆಯಲ್ಲಿ ಮನೆ ಮಾಡಿಕೊಂಡವರಿಗೆ ಶನಿವಾರ ಬೆಳಿಗ್ಗೆ ಒಂದು ಪುಕ್ಕಟೆ ಮನರಂಜನೆ ಇದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಮೋಟಾರ್ ಸೈಕಲ್ಲುಗಳೆಲ್ಲ ಚಿತ್ರದುರ್ಗದ ರಸ್ತೆ ಹಿಡಿದು ಊರಿಗೆ ಇಳಿಯುವ ಹೊತ್ತು ಅದು. ಗಾಡಿಯ ಎರಡೂ ಪಕ್ಕಕ್ಕೆ ತಗಡಿನ ಪೆಟ್ಟಿಗೆ, ಹಿಂದೆ ಸುರುಳಿ ಸುತ್ತಿದ ಹಾಸಿಗೆ, ಅದರ ಮೇಲೆ ರಬ್ಬರಿನ ಹಗ್ಗದಲ್ಲಿ ಬಿಗಿದ ಇನ್ನೊಂದು ಗಂಟು. ಸವಾರನ ಮೊಣಕೈಗೆ, ಮೊಣಕಾಲಿಗೆ, ಬೆನ್ನಿಗೆ, ಎದೆಗೆ ಕವಚ. 1565ರಲ್ಲಿ ತಾಳಿಕೋಟೆಗೆ ಹೋದ ನಮ್ಮವರಿಗೆ ಇಷ್ಟು ಬಂದೋಬಸ್ತು ಇತ್ತೋ ಇಲ್ಲವೋ. ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಕವಚಗಳನ್ನು ಒಂದೊಂದಾಗಿ ಕಳಚಿ, ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿಂದು, ಮತ್ತೆ ಒಂದೊಂದಾಗಿ ತೊಡುವ ಹೊತ್ತಿಗೆ ನಮ್ಮ ಕಡೆಯವರು ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕೈಮುಗಿದು ವಾಪಸು ಬಂದಿರುತ್ತಾರೆ.

ಇವರಲ್ಲಿ ಬಹುಪಾಲು ಜನ ಹಂಪಿಗೇ ಬಂದವರು. ಜೂನ್ ತಿಂಗಳಲ್ಲಿ ಮಾತ್ರ ಬೇರೆ ಜಾತಿಯ ಕೆಲವರು ಕಾಣಿಸುತ್ತಾರೆ. ಅವರು ಹಂಪಿಯ ಕಡೆ ತಿರುಗಿಯೂ ನೋಡುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಕುಷ್ಟಗಿ, ಇಳಕಲ್, ವಿಜಯಪುರ ದಾಟಿ, ಸೋಲಾಪುರದ ಆಚೆ ಉತ್ತರಕ್ಕೆ ಮುಖ ಮಾಡಿದರೆ ಅವರು ನಿಲ್ಲುವುದು ಲಡಾಖಿನಲ್ಲೇ. ಹ್ಯಾಂಡಲಿಗೆ ಐದು ಬಣ್ಣದ ಬೌದ್ಧ ಪತಾಕೆಗಳನ್ನು ಬೆಂಗಳೂರಿನಲ್ಲೇ ಕಟ್ಟಿಕೊಂಡು ಬಂದಿರುವುದರಿಂದ ಅವರನ್ನು ಗುರುತಿಸುವುದು ಸುಲಭ.

ನನ್ನ ಷಡ್ಡಕನದು ಬಟ್ಟೆ ಅಂಗಡಿ, ಇದೇ ರಸ್ತೆಗೆ ಮುಖ ಮಾಡಿಕೊಂಡಿದೆ. ವರ್ಷಗಟ್ಟಲೆ ಸೀರೆ ಮಡಚುತ್ತ, ಬಿಚ್ಚುತ್ತ, ಈ ಪತಾಕೆಗಳನ್ನು ನೋಡಿ ನೋಡಿ ಅವನಿಗೂ ರೋಗ ಅಂಟಿತು. ಗಿರಾಕಿ ಬ್ಲೌಸ್ ಪೀಸು ಕೇಳಿದರೆ ಖಾರ್ದುಂಗ್ ಲಾ ಎಷ್ಟು ಎತ್ತರ ಎಂದು ಹೇಳತೊಡಗಿದ. ಅಲ್ಲಿನ ಬೋರ್ಡಿನಲ್ಲಿ ಬಹಳ ಕಾಲ 18,380 ಅಡಿ ಎಂದು ಬರೆದಿತ್ತಂತೆ. ಆಮೇಲೆ ಸರಿಯಾಗಿ ಅಳೆದವರಿಗೆ ಸಿಕ್ಕಿದ್ದು 5,359 ಮೀಟರು, ಅಂದರೆ ಹೆಚ್ಚುಕಡಿಮೆ 800 ಅಡಿ ಕಡಿಮೆ. ಅಳತೆಯಲ್ಲಿ ಇಷ್ಟು ವ್ಯತ್ಯಾಸ ಬಟ್ಟೆ ಅಂಗಡಿಯಲ್ಲಿ ಬಂದರೆ ಗಿರಾಕಿ ಸುಮ್ಮನಿರುತ್ತಾರೆಯೇ ಎಂದು ನಾನು ಕೇಳಿದೆ. "ಅದು ಬಿಡಣ್ಣಾ, ಈಗ ಉಮ್ಲಿಂಗ್ ಲಾ ಅಂತ ಇನ್ನೂ ಎತ್ತರದ್ದು ಆಗೇತಿ, 19,024 ಅಡಿ," ಎಂದ. ಆ ರಸ್ತೆಗೆ 2021ರಲ್ಲಿ ಗಿನ್ನೆಸ್ ದಾಖಲೆಯೂ ಆಯಿತು. ಅಷ್ಟೆತ್ತರದಲ್ಲಿ ಉಸಿರಾಡಲು ಗಾಳಿ ಸಾಲದು ಎಂಬುದನ್ನು ಅವನು ತೊಂದರೆಯ ಪಟ್ಟಿಯಲ್ಲಿ ಬರೆಯದೆ ಆಕರ್ಷಣೆಯ ಪಟ್ಟಿಯಲ್ಲಿ ಬರೆದುಕೊಂಡಿದ್ದ.

ರೋಗದ ಎರಡನೆಯ ಹಂತದಲ್ಲಿ ಸಾಮಾನು ಬರತೊಡಗಿದವು. ಇಬ್ಬರು ಮಲಗುವ ಟೆಂಟು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೂ ಬೆಚ್ಚಗಿಡುವ ಮಲಗುವ ಚೀಲ. ಅಂಗೈಯಗಲದ ಗ್ಯಾಸ್ ಒಲೆ. ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ. ಬೇಸಿಗೆಯಲ್ಲಿ ಕಾದ ಕಲ್ಲು ರಾತ್ರಿ ಪೂರ್ತಿ ಬಿಸಿ ಬಿಡುವ ಊರಿನಲ್ಲಿ ಆ ಚೀಲವನ್ನು ಪರೀಕ್ಷೆ ಮಾಡಲು ಅವನು ಒಂದು ರಾತ್ರಿ ಮಾಳಿಗೆಯ ಮೇಲೆ ಅದರೊಳಗೆ ಹೊಕ್ಕು ಮಲಗಿದ. ಅರ್ಧ ತಾಸಿಗೆ ಹೊರಗೆ ಬಂದವನ ಸ್ಥಿತಿ ಮಂಡಕ್ಕಿ ಭಟ್ಟಿಯ ಮುಂದೆ ದಿನವಿಡೀ ಕೂತವನ ಹಾಗಿತ್ತು. ಚೀಲ ಉತ್ತಮವಾಗಿದೆ ಎಂದು ಘೋಷಿಸಿದ.

ಗಾಡಿಯೂ ಬಂತು. ಹೆಸರೇ ಹಿಮಾಲಯನ್. ನನ್ನ ಹತ್ತಿರ ಮೊದಲಿಂದ ಇದ್ದದ್ದು ನಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಗಾಡಿ ಹಾಕಲಿಲ್ಲ. ಅದರ ಒಂದು ಗುಣ ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ: ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿ. ಮೇಲಕ್ಕೆ ತಿರುಗಿಸಿ ಒದ್ದರೆ ಗಾಡಿ ಚಾಲೂ, ಮುಂದಕ್ಕೆ ಮಡಚಿದರೆ ಗೇರು. ಒಂದೇ ಆಳಿಗೆ ಎರಡು ಕೆಲಸ ಹಚ್ಚುವ ಈ ಜಾಣ್ಮೆಯನ್ನು ಆಮೇಲೆ ಗಾಡಿ ಮಾಡುವವರು ಬಿಟ್ಟರು, ಕಚೇರಿಗಳವರು ಹಿಡಿದುಕೊಂಡರು. ಪೆಟ್ರೋಲಿಗೆ ಆಯಿಲನ್ನು ನಾವೇ ಬೆರೆಸಬೇಕು. ಎರಡು ಸೈಲೆನ್ಸರು, ಸಪ್ಪಳಕ್ಕೆ ಸಪ್ಪಳ, ಹೊಗೆಗೆ ಹೊಗೆ.

ಇನ್ನು ಉಳಿದಿದ್ದು ಅನುಮತಿ. ನಮ್ಮಿಬ್ಬರ ಹೆಂಡಂದಿರು ಅಕ್ಕತಂಗಿಯರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಸಾವಿರ ಕಿಲೋಮೀಟರಿನ ಯೋಜನೆ ಒಂದು ಫೋನಿನಲ್ಲಿ ಇತ್ಯರ್ಥವಾಯಿತು. ಲಡಾಖು ಹೋಗಿ ಸ್ಪಿಟಿ ಆಯಿತು. ಸ್ಪಿಟಿ ಹೋಗಿ ಮಹಾಬಳೇಶ್ವರ ಆಯಿತು. ಮಳೆಗಾಲ ನಡುವೆ ಬಂದು ಸೆಪ್ಟೆಂಬರ್ ಆಯಿತು. ಕೊನೆಗೆ ಉಳಿದ ಉತ್ತರ ದಿಕ್ಕು ಅಂದರೆ ತುಂಗಭದ್ರೆಯ ಉತ್ತರ ದಂಡೆ. ಸಂಡೂರಿನ ಕಾಡು ಹೊಕ್ಕು, ದರೋಜಿಯ ಕರಡಿ ಗುಡ್ಡದ ಬದಿಗೆ ಇಳಿದು, ಹಂಪಿ ಹಾದು, ಕಂಪ್ಲಿಯಲ್ಲಿ ಹೊಳೆ ದಾಟಿ, ಆನೆಗೊಂದಿಯ ಬೆಟ್ಟಗಳಲ್ಲಿ ಅಲೆಯುವುದು. ಎಲ್ಲಿಯೂ ಮನುಷ್ಯರ ಮನೆಯಲ್ಲಿ ಮಲಗುವುದಿಲ್ಲ ಎಂದು ಷಡ್ಡಕ ವ್ರತ ತೊಟ್ಟ. ಹೊಸಪೇಟೆಯಿಂದ ಸಂಡೂರು ಮೂವತ್ತು ಕಿಲೋಮೀಟರು, ಕಂಪ್ಲಿ ಇನ್ನೊಂದು ಮೂವತ್ತು ಚಿಲ್ಲರೆ. ಬೆಳಿಗ್ಗೆ ಸರಕಾರಿ ಬಸ್ಸು ಹತ್ತಿದ ಮುದುಕಿ ಎರಡೂ ಊರಿನ ಬೀಗರನ್ನು ಮಾತಾಡಿಸಿ ಸಂಜೆಗೆ ಮನೆ ಸೇರುವ ದೂರ. ಆದರೆ ಪ್ರಯಾಣದ ಉದ್ದವನ್ನು ಕಿಲೋಮೀಟರಿನಲ್ಲೇ ಅಳೆಯಬೇಕೆಂದು ಎಲ್ಲಿ ಬರೆದಿದೆ?

ಹೊರಟ ದಿನ ಡ್ಯಾಮಿಗೆ ಹೋಗಿ ನಿಂತೆವು. ಅಣೆಕಟ್ಟು ತುಂಬಿತ್ತು. ನಮ್ಮೂರವರಿಗೆ 33 ಗೇಟುಗಳೂ ಮನೆಮಕ್ಕಳ ಹಾಗೆ ಪರಿಚಯ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದ ಮೇಲೆ ಆ ಒಂದು ಸಂಖ್ಯೆಯನ್ನು ಮಾತ್ರ ಸ್ವಲ್ಪ ದನಿ ಇಳಿಸಿ ಹೇಳುತ್ತಾರೆ. ಹರಿಯುವ ನೀರಿಗೇ ಕಬ್ಬಿಣದ ಹಲಗೆಗಳನ್ನು ಇಳಿಸಿ ಅದನ್ನು ಮುಚ್ಚಿದ ಕನ್ನಯ್ಯ ನಾಯ್ಡು ಅವರ ಫೋಟೋ ಆ ವಾರ ಎಲ್ಲರ ಮೊಬೈಲಿನಲ್ಲೂ ಇತ್ತು. ಷಡ್ಡಕ ನೀರು ನೋಡಲಿಲ್ಲ. ಟೆಂಟಿನ ಗಂಟು ಜಾರುತ್ತಿದೆಯೇ ನೋಡುತ್ತಿದ್ದ.

ಸಂಡೂರಿನ ರಸ್ತೆಯಲ್ಲಿ ಗಾಡಿ ಓಡಿಸುವವರು ಅದಿರು ಲಾರಿಗಳ ಹಿಂದೆ ತಾಳ್ಮೆಯನ್ನೂ ಪಕ್ಕದಲ್ಲಿ ಧೈರ್ಯವನ್ನೂ ಕಲಿಯುತ್ತಾರೆ. ಅದಿರಿನ ಧೂಳು ಕೆಂಪಗೆ ಕುಂಕುಮದಷ್ಟು ನಯ. ಎಲೆಗಳ ಮೇಲೆ, ಗುಡಿಯ ಗೋಪುರದ ಮೇಲೆ, ಹೋಟೆಲಿನ ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೆಲ್ಲ ನಿಲ್ಲಿಸಿದಾಗ ಈ ರಸ್ತೆ ಎಷ್ಟು ಮೌನವಾಗಿತ್ತೆಂದರೆ, ಹಗಲು ನಿದ್ದೆ ಬರುತ್ತಿಲ್ಲವೆಂದು ರಸ್ತೆ ಬದಿಯ ಅಂಗಡಿಯವರು ದೂರುತ್ತಿದ್ದರು. ಆಮೇಲೆ ಮಿತಿ ಹಾಕಿ ಮತ್ತೆ ಶುರು ಮಾಡಿದರು. ಧೂಳು ಮಿತಿಯನ್ನು ಓದಿಕೊಂಡಿಲ್ಲ.

ಆದರೆ ಘಾಟಿ ದಾಟಿ ಸಂಡೂರಿನ ಕಣಿವೆಗೆ ಇಳಿದ ಕೂಡಲೇ ಲೋಕವೇ ಬೇರೆ. 1934ರಲ್ಲಿ ಇಲ್ಲಿಗೆ ಬಂದ ಗಾಂಧೀಜಿ, ಸಂಡೂರನ್ನು ನೋಡುವುದಾದರೆ ಸೆಪ್ಟೆಂಬರಿನಲ್ಲಿ ನೋಡಬೇಕು ಎಂದಿದ್ದರೆಂದು ಊರಿನವರು ಹೇಳುತ್ತಾರೆ. ಹೇಳಿರಲಿ ಬಿಡಲಿ, ಸೆಪ್ಟೆಂಬರಿನ ಸಂಡೂರು ಅಂಥ ಮಾತಿಗೆ ಯೋಗ್ಯವಾಗಿಯೇ ಇರುತ್ತದೆ. ಬಳ್ಳಾರಿ ಸೀಮೆ ಅಂದರೆ ಬಿಸಿಲು, ಬಂಡೆ ಎಂದುಕೊಂಡವರ ಕಣ್ಣಿಗೆ ಇಲ್ಲಿ ಮೋಡವೇ ಗುಡ್ಡಕ್ಕೆ ಒರಗಿಕೊಂಡು ಕಾಣುತ್ತದೆ. ನಾರಿಹಳ್ಳ ಬೆಟ್ಟವನ್ನು ಸೀಳಿಕೊಂಡು ಹೋದ ಕಡೆ ಎರಡೂ ಬದಿಗೆ ಗೋಡೆಯಂಥ ಬಂಡೆ. ಅದನ್ನು ಗಂಡಿ ಎನ್ನುತ್ತಾರೆ. ಕುಮಾರಸ್ವಾಮಿ ಬೆಟ್ಟಕ್ಕೆ ಹತ್ತುವ ದಾರಿಯಲ್ಲಿ ಹಿಮಾಲಯನ್ ಅನ್ನು ಅದರ ಹೆಸರಿಗೆ ತಕ್ಕ ಹಾಗೆ ಓಡಿಸುತ್ತ ಷಡ್ಡಕ ಪ್ರತಿ ತಿರುವಿನಲ್ಲೂ ಎದ್ದು ನಿಲ್ಲುತ್ತಿದ್ದ. ಹೊಂಡ ಬಂದಾಗ ಎದ್ದು ನಿಲ್ಲಬೇಕೆಂದು ಎಲ್ಲೋ ಓದಿದ್ದನಂತೆ. ಹೊಂಡವಿಲ್ಲದ ಕಡೆಯೂ ನಿಂತ. ಹಿಂದಿನಿಂದ ಬಂದ ಜೀಪಿನ ಡ್ರೈವರು, "ಯಣ್ಣಾ, ಸೀಟು ಕಾದೇತೇನು?" ಎಂದು ಕೇಳಿ ಮುಂದೆ ಹೋದ.

ಬೆಟ್ಟದ ಮೇಲೆ ಕುಮಾರಸ್ವಾಮಿ ಒಂದು ಗುಡಿಯಲ್ಲಿ, ತಾಯಿ ಪಾರ್ವತಿ ಪಕ್ಕದ ಗುಡಿಯಲ್ಲಿ. ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಬಂದ ಮಗ ಇಲ್ಲಿ ನಿಂತ ಎಂಬುದು ಕಥೆ. ಹೆಂಗಸರು ಮಗನ ಗುಡಿಯೊಳಗೆ ಹೋಗುವ ವಾಡಿಕೆಯಿಲ್ಲ. ನಮ್ಮ ಮನೆಯವರ ಮುಂದೆ ಈ ಮಾತು ಎತ್ತಿದರೆ, "ಮನಿ ಬಿಟ್ಟು ಬಂದೋನ ಮುಖ ನೋಡಿ ನಮಗೇನಾಗಬೇಕು," ಎನ್ನುತ್ತಾರೆ.

ಆ ರಾತ್ರಿ ಬೆಟ್ಟದ ಬುಡದಲ್ಲಿ, ಒಬ್ಬ ರೈತರನ್ನು ಕೇಳಿ ಅವರ ಹೊಲದ ಬದುವಿನ ಪಕ್ಕ ಟೆಂಟು ಹೊಡೆದೆವು. ನಿರ್ಜನ ಪ್ರದೇಶವೆಂದು ಷಡ್ಡಕ ಬಹಳ ಹುಡುಕಿ ಆರಿಸಿದ ಜಾಗ. ಮೊದಲ ಗೂಟ ನೆಲಕ್ಕೆ ಇಳಿಯುವ ಮೊದಲೇ ಒಬ್ಬ ಕುರಿ ಕಾಯುವವ ಕೋಲಿಗೆ ಗದ್ದ ಊರಿ ನಿಂತಿದ್ದ. ಎರಡನೆಯ ಗೂಟಕ್ಕೆ ಇಬ್ಬರು ಹುಡುಗರು. ಬಣ್ಣದ ಬಟ್ಟೆ ಮೇಲೆದ್ದು ನಿಂತ ಕೂಡಲೇ ಎಲ್ಲಿಂದ ಬಂದರೋ ತಿಳಿಯದು, ಗುಡಾರದ ಸುತ್ತ ಒಂದು ಸಣ್ಣ ಗ್ರಾಮಸಭೆ. ಕುರಿಯವನೇ ಮೊದಲು ಬಾಯಿ ಬಿಟ್ಟ.

"ಯಾಕ್ರೀ ಸಾಮೀ, ಮನಿಯಾಗ ಏನಾರ ಮಾತು ಬಂತಾ?"

ಇಲ್ಲ, ಪ್ರವಾಸ ಎಂದೆವು.

"ಮತ್ತ ಹಿಂಗ್ಯಾಕ? ಗುಡಿ ಐತಿ, ಸಾಲಿ ಕಟ್ಟಿ ಐತಿ, ನಮ್ಮನಿ ಪಡಸಾಲಿ ಐತಿ. ನೆಲದ ಮ್ಯಾಲ ಯಾಕ ಮಲಗ್ತೀರಿ?"

ಉತ್ತರದ ದೊಡ್ಡ ದೇಶಗಳಲ್ಲಿ, ಕೆನಡಾ, ಅಲಾಸ್ಕಾದಂಥ ಕಡೆ, ನೂರಾರು ಮೈಲಿ ಮನುಷ್ಯರೇ ಇಲ್ಲದ ಕಾಡುಗಳಿವೆ. ಅಲ್ಲಿ ಗಾಡಿಯ ಮೇಲೆ ಗುಡಾರ ಹೇರಿಕೊಂಡು ವಾರಗಟ್ಟಲೆ ಒಬ್ಬರೇ ಹೋಗುವವರ ಬರಹಗಳನ್ನು ನಾನು ಓದಿದ್ದೇನೆ. ಅವರಿಗೆ ರಾತ್ರಿಯ ಚಿಂತೆ ತಣ್ಣನೆ ಗಾಳಿಯದು, ಕರಡಿಯದು. ನಮ್ಮ ಸೀಮೆಯ ಚಿಂತೆ ಬೇರೆ. ಇಲ್ಲಿ ಕಾಡು ಎನ್ನುವುದಕ್ಕೂ ಒಬ್ಬ ವಾರಸುದಾರ ಇರುತ್ತಾನೆ. ಬಂಡೆಯ ಮೇಲೆ ಸುಣ್ಣ ಬಳಿದಿದ್ದರೆ ಯಾರೋ ದೇವರು, ಪೊದೆಯಲ್ಲಿ ಕೆಂಪು ಬಟ್ಟೆಯಿದ್ದರೆ ಇನ್ಯಾರೋ ದೇವಿ, ಕಾಲುದಾರಿಯಿದ್ದರೆ ಯಾರದೋ ಆಡಿನದು. ಒಬ್ಬಂಟಿಯಾಗಿರಬೇಕೆಂದು ಹೊರಟವನು ಇಲ್ಲಿ ತನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೇ ವಾಸಿ. ಟೆಂಟು ಹೊಡೆದನೋ, ಹತ್ತು ಊರಿಗೆ ಡಂಗುರ ಸಾರಿದ ಹಾಗೆಯೇ.

ಬೆಳಿಗ್ಗೆ ಹತ್ತಿರದ ತಾಂಡಾದ ಹೆಣ್ಣುಮಗಳೊಬ್ಬಳು ಬುಟ್ಟಿಯಲ್ಲಿ ಸೀತಾಫಲ ಹೊತ್ತು ಅದೇ ದಾರಿಯಲ್ಲಿ ಬಂದಳು. ಈ ಲಂಬಾಣಿಗರ ಹಿರಿಯರು ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ದಂಡುಗಳ ಹಿಂದೆ ದೇಶವೆಲ್ಲ ತಿರುಗಿದವರು, ಗುಡಾರದ ವಿಷಯದಲ್ಲಿ ನಮಗಿಂತ ನೂರಾರು ವರ್ಷ ಹಿರಿಯರು. ಕನ್ನಡಿ, ಕವಡೆ ಕೂರಿಸಿ ಅವರು ಮಾಡುವ ಕಸೂತಿಗೆ ಸಂಡೂರು ಲಂಬಾಣಿ ಕಸೂತಿ ಎಂದು ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಅವಳು ಬುಟ್ಟಿ ಕೆಳಗಿಟ್ಟು, ಟೆಂಟಿನ ಅಂಚನ್ನು ಬೆರಳಲ್ಲಿ ಹಿಡಿದು, ಹೊಲಿಗೆಯನ್ನು ತಿರುವಿ ನೋಡಿ, "ಟಾಕಿ ದೂರದೂರ ಹಾಕ್ಯಾರ," ಎಂದಳು. ಬಟ್ಟೆ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಷಡ್ಡಕ ಚೌಕಾಶಿ ಮಾಡದೆ ಸೀತಾಫಲ ಕೊಂಡ.

ತೋರಣಗಲ್ಲಿನ ಕಡೆ ಇಳಿಯುವ ದಾರಿಯಲ್ಲಿ ನನ್ನ ಹಿಂದಿನ ಚಕ್ರಕ್ಕೆ ಮುಳ್ಳು ಹೊಕ್ಕಿತು. ಬಳ್ಳಾರಿ ಜಾಲಿಯ ಮುಳ್ಳು. ಈ ಗಿಡದ ತವರು ಅಮೆರಿಕ ಖಂಡ. ಬರಡು ನೆಲಕ್ಕೆ ಹಸಿರು ಬರಲೆಂದು ಯಾರೋ ತಂದರು, ಅದು ಕೆರೆ, ಹಳ್ಳ, ಗೋಮಾಳ ಎಲ್ಲವನ್ನೂ ನುಂಗಿ, ಕೊನೆಗೆ ಜಿಲ್ಲೆಯ ಹೆಸರನ್ನೂ ಇಟ್ಟುಕೊಂಡಿತು. ಪಂಚರ್ ಅಂಗಡಿಯವರು ಟ್ಯೂಬು ಬಿಚ್ಚುವ ಮೊದಲು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ನಮ್ಮಪ್ಪಂದೂ ಇದ ಗಾಡಿ ಇತ್ರೀ." ಯೆಜ್ಡಿ ಹತ್ತಿ ಹೊರಟವನಿಗೆ ಈ ಮಾತು ಎಲ್ಲೆಡೆ ಸಿಗುತ್ತದೆ. ಆಮೇಲೆ ಅಪ್ಪನ ಕಥೆ ಬರುತ್ತದೆ. ಅಪ್ಪ ಯಾವ ವರ್ಷ ಮಾರಿದರು, ಯಾಕೆ ಮಾರಬಾರದಿತ್ತು, ಮಾರಿದ ದಿನ ಅವ್ವ ಏನಂದಳು. ಅವರು ಟೀ ತರಿಸಿದರು. ಪಂಚರಿನ ದುಡ್ಡು ತೆಗೆದುಕೊಂಡರು, ಟೀ ದುಡ್ಡು ಕೊಡಲು ಬಿಡಲಿಲ್ಲ.

ಮುಳ್ಳಿನ ಮಾತು ಬಂದದ್ದಕ್ಕೆ ಇನ್ನೊಂದು ನೆನಪಾಯಿತು. ಗುಡಾರ ಹೊಡೆಯುವುದರಲ್ಲಿ ಈ ಸೀಮೆಯ ಮಟ್ಟಿಗೆ ದಾಖಲೆ ಇರುವುದು ಕೃಷ್ಣದೇವರಾಯನದು. 1520ರಲ್ಲಿ ಆತ ರಾಯಚೂರಿನ ಮೇಲೆ ದಂಡು ತೆಗೆದುಕೊಂಡು ಹೋದ ಬಗೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ಬಿಡಾರದ ನಡುವೆ ರಾಜನ ಡೇರೆ, ಅದರ ಸುತ್ತ ಮುಳ್ಳಿನ ಬೇಲಿ, ಒಳಗೆ ಹೋಗಲು ಒಂದೇ ಬಾಗಿಲು, ಬಾಗಿಲಿಗೆ ಕಾವಲು. ಹೊರಗೆ ಸಾಲುಸಾಲು ಬೀದಿ, ಸಂತೆ, ಬಟ್ಟೆ ಒಗೆಯಲು ಅಗಸರು. ನುನಿಜನ ವರ್ಣನೆ ಓದಿದರೆ ಊರೇ ಎದ್ದು ನಡೆದ ಹಾಗೆ ಕಾಣುತ್ತದೆ. ಆ ಮುಳ್ಳಿನ ಬೇಲಿ ಶತ್ರುಗಳಿಗೆಂದು ಇತಿಹಾಸಕಾರರು ತಿಳಿದಿದ್ದಾರೆ. ಸಂಡೂರಿನಲ್ಲಿ ಒಂದು ರಾತ್ರಿ ಕಳೆದ ಮೇಲೆ ನನಗೆ ಬೇರೆಯೇ ಅನುಮಾನ: "ಸಾಮೀ, ಇಲ್ಲ್ಯಾಕ ಮಲಗೀರಿ, ನಮ್ಮನಿಗೆ ಬರ್ರಿ," ಎಂದು ದಾರಿಯುದ್ದಕ್ಕೂ ಬರುವವರನ್ನು ತಡೆಯಲು ರಾಯನಿಗೂ ಬೇರೆ ಉಪಾಯ ಇರಲಿಲ್ಲ.

ದರೋಜಿಯ ಕರಡಿಧಾಮ 1994ರಲ್ಲಿ ಆದದ್ದು. ಬಂಡೆಗಳ ಮೇಲೆ ಬಂಡೆ ಪೇರಿಸಿದ ಗುಡ್ಡ, ನಡುವೆ ಕುರುಚಲು. ಮಧ್ಯಾಹ್ನ ಅರಣ್ಯ ಇಲಾಖೆಯವರು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಮೆತ್ತಿ ಬರುತ್ತಾರೆ. ಸಂಜೆಯ ಹೊತ್ತಿಗೆ ಕರಡಿಗಳು ಗವಿ ಬಿಟ್ಟು ಇಳಿದು ಬಂದು ನೆಕ್ಕುತ್ತವೆ. ಎದುರಿನ ವೀಕ್ಷಣಾ ಗೋಪುರದಲ್ಲಿ ನಿಂತ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ನಾವೂ ನೋಡಿದೆವು. ತಾಯಿ ಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಬಂದಿತು. ಮರಿ ಇಳಿಯಲು ಒಪ್ಪಲಿಲ್ಲ, ತಾಯಿ ಹಾಗೆಯೇ ಬೆಲ್ಲ ನೆಕ್ಕಿತು. ಎರಡು ಸೈಲೆನ್ಸರು ಇಲ್ಲದ, ಪೆಟ್ರೋಲು ಬೇಡದ ಸವಾರಿ.

ಧಾಮದೊಳಗೆ ರಾತ್ರಿ ಉಳಿಯುವಂತಿಲ್ಲ. ಹೊರಗೆ, ಒಂದು ಶೇಂಗಾ ಹೊಲದ ಬದಿಗೆ ಟೆಂಟು ಹೊಡೆದೆವು. ರಾತ್ರಿ ಕಾಯಲು ಅಟ್ಟಣಿಗೆಯ ಮೇಲೆ ಕೂತಿದ್ದ ಹೊಲದ ಯಜಮಾನರು ಬ್ಯಾಟರಿ ಬಿಟ್ಟು ನೋಡಿ, ಇಳಿದು ಬಂದರು.

"ಇದರಾಗ ತಿನ್ನಾಕ ಏನೈತ್ರಿ?"

ಷಡ್ಡಕ ಹೆಮ್ಮೆಯಿಂದ ಚೀಲ ತೆರೆದ. ದೂರದ ದಾರಿಗೆ ಶಕ್ತಿ ಕೊಡುವ ಆಹಾರವೆಂದು ಅವನು ತಂದದ್ದು ಬೆಲ್ಲದ ಅಚ್ಚು, ಶೇಂಗಾ ಚಿಕ್ಕಿ, ಒಂದು ಬಾಟಲಿ ಜೇನುತುಪ್ಪ. ಯಜಮಾನರು ಬಹಳ ಹೊತ್ತು ಏನೂ ಹೇಳಲಿಲ್ಲ.

"ಸರ್ಕಾರದೋರು ಬಂಡಿಗೆ ಬಳೀತಾರ. ನೀವು ಮಲಗೋ ಚೀಲದಾಗ ಇಟ್ಕಂಡೀರಿ."

ಕರಡಿ ಟೆಂಟು ಹರಿಯುತ್ತದೆಯೇ ಎಂದು ನಾನು ಕೇಳಿದೆ.

"ಹರಿಯಾಕಂತ ಬರಂಗಿಲ್ರೀ. ಪಾಪ, ಅದು ಟೆಂಟು ನೋಡಿಲ್ಲ. ನೋಡಾಕ ಬರ್ತತಿ."

ಆ ರಾತ್ರಿ ನಾವು ಅಟ್ಟಣಿಗೆಯ ಮೇಲೆ ಕಳೆದೆವು. ಅದು ಮನುಷ್ಯರ ಮನೆಯಲ್ಲ, ಆದ್ದರಿಂದ ವ್ರತಕ್ಕೆ ಭಂಗವಿಲ್ಲ ಎಂದು ಷಡ್ಡಕ ತೀರ್ಪು ಕೊಟ್ಟ. ಯಜಮಾನರು ಆಗಾಗ ತಗಡು ಬಡಿಯುತ್ತಿದ್ದರು, ನಡುನಡುವೆ ಚಿಕ್ಕಿ ತಿನ್ನುತ್ತಿದ್ದರು. ಕೆಳಗೆ ನಮ್ಮ ಟೆಂಟು ಒಂಟಿಯಾಗಿ ನಿಂತಿತ್ತು. ಅದನ್ನು ನೋಡಲು ಯಾರೂ ಬರಲಿಲ್ಲ. ಷಡ್ಡಕನಿಗೆ ಅದೂ ಸ್ವಲ್ಪ ಬೇಜಾರೇ.

ಹಂಪಿಯ ಬಗ್ಗೆ ಹೇಳಲು ಕೂತರೆ ಮುಗಿಯುವುದಿಲ್ಲ, ಹೇಳದವರೂ ಯಾರೂ ಉಳಿದಿಲ್ಲ. ನಮ್ಮ ವಿಷಯಕ್ಕೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನಿಕ ಅಧಿಕಾರಿ ದೊಡ್ಡದೊಂದು ಕ್ಯಾಮೆರಾ ಹೊತ್ತು ಬಂದು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಮೊದಲ ಫೋಟೋಗಳನ್ನು ತೆಗೆದ. ಜಾರ್ಜ್ ಮಿಚೆಲ್ ಮತ್ತು ಜಾನ್ ಫ್ರಿಟ್ಜ್ 1980ರ ದಶಕದಿಂದ ಎಷ್ಟೋ ಚಳಿಗಾಲ ಇಲ್ಲಿಯೇ ಬಿಡಾರ ಹೂಡಿ, ಕಂಬ ಕಂಬವನ್ನೂ ಅಳೆದು ನಕ್ಷೆ ಬರೆದರು. ಇವರು ಪುಸ್ತಕ ಸೇರಿದ ಬಿಡಾರದವರು. ಪುಸ್ತಕ ಸೇರದವರು ಜಾತ್ರೆಯ ಹಿಂದಿನ ರಾತ್ರಿ ಬರುತ್ತಾರೆ: ಮೂರು ಕಲ್ಲು, ಒಂದು ಪಾತ್ರೆ, ಒಂದು ಕಂಬಳಿ. ಸಾಲುಮಂಟಪದ ನೆರಳು ಸಿಕ್ಕರೆ ಅರಮನೆ. ಆ ಬಜಾರಿನ ಮಂಟಪಗಳಲ್ಲೇ ಗೋಡೆ ಕಟ್ಟಿಕೊಂಡು ತಲೆಮಾರುಗಳಿಂದ ಇದ್ದ ಕುಟುಂಬಗಳೂ ಇದ್ದವು. 2011ರ ಜುಲೈನಲ್ಲಿ ಬುಲ್ಡೋಜರು ಬಂದು ಅವರನ್ನು ಎಬ್ಬಿಸಿತು. ಸ್ಮಾರಕ ಉಳಿದುಕೊಂಡಿತು, ಬಜಾರು ಹೋಯಿತು. ಈಗ ಅಲ್ಲಿ ಟೆಂಟು ಹೊಡೆಯುವ ಮಾತು ಬಿಡಿ, ಕಂಬಕ್ಕೆ ಒರಗಿ ಐದು ನಿಮಿಷ ಕಣ್ಣು ಮುಚ್ಚಿದರೂ ಕಾವಲುಗಾರರ ಸೀಟಿ ಕೇಳುತ್ತದೆ. ನಾವು ಮಾತಂಗ ಬೆಟ್ಟವನ್ನು ಕೆಳಗಿನಿಂದಲೇ ನೋಡಿ ಮುಂದೆ ನಡೆದೆವು.

ಕಮಲಾಪುರದಿಂದ ಬುಕ್ಕಸಾಗರ, ರಾಮಸಾಗರ ಹಾದು ಕಂಪ್ಲಿಗೆ ಹೋಗುವ ರಸ್ತೆಯಲ್ಲಿ ಬಾಳೆ, ಕಬ್ಬು, ಭತ್ತ. ರಾಯರ ಕಾಲದ ಕಾಲುವೆಗಳು ಇಂದಿಗೂ ನೀರು ಕೊಡುತ್ತಿರುವ ನೆಲ. ಷಡ್ಡಕ ಮುಖ ಸಣ್ಣ ಮಾಡಿಕೊಂಡಿದ್ದ. ಇಷ್ಟು ಹಸಿರು, ಇಷ್ಟು ನೀರು, ಇಷ್ಟು ಜನ ಅವನ ನಿರ್ಜನ ಕಲ್ಪನೆಗೆ ಒಗ್ಗುವಂಥದಲ್ಲ. ಆಸೆಯೆಲ್ಲ ಹೊಳೆಯ ಆಚೆಯ ಬೆಟ್ಟಗಳ ಮೇಲೆ. ಕಂಪ್ಲಿ ಕೋಟೆ ದಾಟಿ ಸೇತುವೆಯ ಹತ್ತಿರ ಬಂದರೆ ಬ್ಯಾರಿಕೇಡು ಹಾಕಿದ್ದರು. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗೆಲ್ಲ ಮುಳುಗುವ ಸೇತುವೆ ಅದು. ಎಂದಿನಂತೆ ಮುಳುಗಿತ್ತು. ಉತ್ತರ ದಂಡೆ ಕಣ್ಣಳತೆಯಲ್ಲೇ ಇತ್ತು, ನಡುವೆ ಕೆಂಪು ನೀರು.

ಈಗ ಒಂದು ಸಂಗತಿ ಹೇಳಬೇಕು: ನಮ್ಮಿಬ್ಬರ ಮಾವನ ಮನೆ ಕಂಪ್ಲಿಯಲ್ಲೇ ಇದೆ. ಸೇತುವೆಯಿಂದ ಬಹಳ ದೂರವೇನಿಲ್ಲ. ಆದರೆ ವ್ರತ ವ್ರತವೇ. ಲಡಾಖಿಗೆ ಹೊರಟ ಅಳಿಯ ಗುಡಾರ ಹೊತ್ತುಕೊಂಡು ಮಾವನ ಮನೆ ಬಾಗಿಲಿಗೆ ಹೋಗಿ ನಿಂತರೆ ಊರು ನಗುವುದಿಲ್ಲವೇ ಎಂದು ಷಡ್ಡಕ ಕೇಳಿದ. ಕತ್ತಲಾಗುವವರೆಗೆ ಕಾದು, ಗಾಡಿಯ ದೀಪ ಸಣ್ಣದು ಮಾಡಿ, ತೆಂಗಿನ ತೋಟದ ಹಿಂದೆ ಯಾರದೋ ಬೀಳು ಹೊಲದಲ್ಲಿ ಟೆಂಟು ಎಬ್ಬಿಸಿದೆವು. ಸೊಳ್ಳೆಗಳನ್ನು ಬಿಟ್ಟರೆ ಅಲ್ಲಿ ಮೊದಲ ಬಾರಿಗೆ ನಾವಿಬ್ಬರೇ ಇದ್ದೆವು. ಷಡ್ಡಕ ಗ್ಯಾಸ್ ಒಲೆ ಹಚ್ಚಿ ಉಪ್ಪಿಟ್ಟಿಗೆ ನೀರು ಇಟ್ಟ.

ಕಂಪ್ಲಿಯಲ್ಲಿ ಬಂದವನನ್ನು ಹೊರಗೆ ಬಿಡುವ ಪದ್ಧತಿ ಇಲ್ಲ, ಆ ವಿಷಯದಲ್ಲಿ ಊರಿನ ಚರಿತ್ರೆಯೇ ಸಾಕ್ಷಿ. ದಿಲ್ಲಿಯ ತುಘಲಕನ ಮೇಲೆ ಬಂಡೆದ್ದು ಸೋತ ಬಹಾವುದ್ದೀನ್ ಗುರ್ಶಾಸ್ಪ್ ಓಡಿ ಓಡಿ ಬಂದದ್ದು ಕಂಪಿಲರಾಯನ ಹತ್ತಿರ. ಒಪ್ಪಿಸು ಎಂದು ಸುಲ್ತಾನನ ದಂಡು ಬಂತು. ರಾಯ ಒಪ್ಪಿಸಲಿಲ್ಲ. ಬಂದವನನ್ನು ಹೊಯ್ಸಳ ಬಲ್ಲಾಳನ ಕಡೆ ಕಳಿಸಿ, ಹೆಂಗಸರು ಬೆಂಕಿಗೆ ಬಿದ್ದ ಮೇಲೆ ತಾನು ಕಾದಾಡಿ ಸತ್ತ. 1327ರಲ್ಲಿ ಕಂಪಿಲರಾಜ್ಯ ಮುಗಿಯಿತು. ಗಂಡುಗಲಿ ಕುಮಾರರಾಮ ಇದೇ ಮನೆತನದ ಮಗ. ಅವನ ಹೆಸರು ಇವತ್ತಿಗೂ ಈ ಸೀಮೆಯಲ್ಲಿ ಜೀವಂತ. ಬಲ್ಲಾಳ, ಪಾಪ, ಲೆಕ್ಕ ಬಲ್ಲವನು, ಅತಿಥಿಯನ್ನು ಒಪ್ಪಿಸಿಬಿಟ್ಟ. ಅತಿಥಿಗಾಗಿ ಒಂದು ರಾಜ್ಯವನ್ನೇ ಕಳೆದುಕೊಂಡ ಊರಿನಲ್ಲಿ ಇಬ್ಬರು ಅಳಿಯಂದಿರು ಬೀಳು ಹೊಲದಲ್ಲಿ ಮಲಗಿ ತಪ್ಪಿಸಿಕೊಳ್ಳುತ್ತೇವೆಂದು ಹೊರಟಿದ್ದೆವು.

ಉಪ್ಪಿಟ್ಟಿನ ನೀರು ಕುದಿಯಲಿಲ್ಲ. ದೂರದಲ್ಲಿ ಟಿವಿಎಸ್ ಎಕ್ಸೆಲ್ಲಿನ ಸಪ್ಪಳ, ಆಮೇಲೆ ಕುಣಿಯುವ ಬೆಳಕು. ಮಾವ. ಹ್ಯಾಂಡಲಿಗೆ ನಾಲ್ಕು ಡಬ್ಬಿಯ ಕ್ಯಾರಿಯರು, ಹಿಂದೆ ಭಾಮೈದ, ಅವನ ಕಂಕುಳಲ್ಲಿ ಎರಡು ದಿಂಬು.

"ಬರ್ರಿ ಏಳ್ರಿ," ಎಂದರು ಮಾವ. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. "ಯೆಜ್ಡಿ ಸಪ್ಪಳ ಕೋಟಿ ಹತ್ರ ಕೇಳಿದಾಗ ದೊಡ್ಡಳಿಯ ಬಂದಾನಂತ ನಿಮ್ಮತ್ತಿಗೆ ಗೊತ್ತಾತು. ರೊಟ್ಟಿ ಬಡದು ಕಾಯ್ತಾ ಕುಂತಳ. ಎಂಟಾತು, ಒಂಬತ್ತಾತು. ಓಣಿ ಮಂದಿ ಏನಂತಾರ? ಅಳಿಯಂದಿರು ಊರಿಗೆ ಬಂದು ಹೊಲದಾಗ ಬಿದ್ದಾರಂದ್ರ, ಮಾವ ಏನೋ ಮಾತಾಡ್ಯಾನ ಅನ್ನಲ್ಲೇನು?"

ಮಾವನ ಮನೆಯೂ ಮನುಷ್ಯರ ಮನೆಯೇ ಎಂದು ಷಡ್ಡಕ ನೆನಪಿಸಲಿಲ್ಲ. ಕ್ಯಾರಿಯರಿನ ಡಬ್ಬಿ ತೆರೆದಿದ್ದರು. ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ದಾರಿಗೆ ಇರಲಿ ಎಂದು ತಂದದ್ದಂತೆ, ಊಟ ಮನೆಯಲ್ಲಿ ಬೇರೆ.

ನಾವು ಸಾಮಾನು ಕಟ್ಟುವಾಗ ಮಾವ ಬ್ಯಾಟರಿ ಹಿಡಿದು ಟೆಂಟಿನೊಳಗೆ ಬಗ್ಗಿ ನೋಡಿದರು. ಜಿಪ್ಪು ಎಳೆದರು, ಬಿಟ್ಟರು, ಮತ್ತೆ ಎಳೆದರು. "ಕಿಟಿಕಿನೂ ಐತಲ್ಲೋ. ಸೊಳ್ಳಿ ಬರಂಗಿಲ್ಲ. ಎಷ್ಟು ಕೊಟ್ರಿ?"

ಷಡ್ಡಕ ನಿಜವಾದ ಬೆಲೆಯಲ್ಲಿ ಅರ್ಧ ಹೇಳಿದ. ಅಂಗಡಿಯಲ್ಲಿ ಅವನು ಇಷ್ಟು ರಿಯಾಯಿತಿ ಯಾರಿಗೂ ಕೊಟ್ಟವನಲ್ಲ.

"ಎಲ್ಡು ಆಡಿನ ಮರಿ ಬರ್ತಿದ್ವು," ಎಂದರು ಮಾವ. "ಇರ್ಲಿ, ಇಲ್ಲೇ ಬಿಟ್ಟು ಹೋಗ್ರಿ. ತ್ರೀ ಫೇಸ್ ಕರೆಂಟು ರಾತ್ರಿ ಕೊಡ್ತಾರ. ಪಂಪು ಚಾಲೂ ಮಾಡಾಕ ಬಂದು ಗದ್ದಿ ಬದಿಗೆ ಕುಂತ್ರ ಸೊಳ್ಳಿ ತಿಂದು ಹಾಕ್ತಾವು."

ಹೀಗೆ ಟೆಂಟು ಕಂಪ್ಲಿಯ ಭತ್ತದ ಗದ್ದೆಯಲ್ಲಿ ಕೆಲಸಕ್ಕೆ ಸೇರಿತು. ಮಲಗುವ ಚೀಲವನ್ನು ಅತ್ತೆ ತೊಳೆದು, ಒಣಗಿಸಿ, ಅಟ್ಟಕ್ಕೆ ಹಾಕಿದ್ದಾರೆ. ಮರುವರ್ಷ ಜೂನಿನಲ್ಲಿ ಹೆದ್ದಾರಿಯ ಮೇಲೆ ಮತ್ತೆ ಪತಾಕೆಗಳು ಕಾಣಿಸಿದಾಗ ಷಡ್ಡಕ ಮಾವನಿಗೆ ಫೋನು ಮಾಡಿ ಟೆಂಟು ಕೇಳಿದ; ಈ ಸಲ ಲಡಾಖಿಗೆ ಹೋಗುವುದು ಖಂಡಿತ ಎಂದ. ನಾನು ಪಕ್ಕದಲ್ಲೇ ಇದ್ದೆ. ಫೋನು ಸ್ಪೀಕರಿನಲ್ಲಿತ್ತು.

"ಯಾಕ," ಎಂದರು ಮಾವ, "ಲಡಾಖಿನಾಗ ಮಂದಿ ಮನಿ ಇಲ್ಲೇನು?"

"ಅದಾವ್ರಿ, ಆದ್ರ..."

"ಮತ್ತ?"